ಹೊಡೆದುಕೊಳ್ಳದ ಅಲಾರಂ: ಮಾತ್ರೆ ನೆನಪಿಸುವ ಒಂದು ಆ್ಯಪ್‌ನ ಪ್ರಕರಣ

ಈ ಆ್ಯಪ್ ಮಾಡಬೇಕಾಗಿದ್ದ ಕೆಲಸ ಒಂದೇ. ಹೇಳಿದ ಹೊತ್ತಿಗೆ ಸದ್ದು ಮಾಡಿ ಮಾತ್ರೆ ತೆಗೆದುಕೊಳ್ಳಲು ನೆನಪಿಸಬೇಕು. ಹೆಚ್ಚುಕಡಿಮೆ ಒಂದು ವರ್ಷ ಆ ಒಂದು ಕೆಲಸವೇ ನೆಟ್ಟಗಾಗಲಿಲ್ಲ. ಯಾಕೆ ಆಗಲಿಲ್ಲ, ಕೊನೆಗೆ ಹೇಗಾಯಿತು, ಆಗುವುದಕ್ಕೆ ತಂಡ ಏನನ್ನು ಬಿಟ್ಟುಕೊಡಬೇಕಾಯಿತು ಎಂಬುದನ್ನು ಇಂಥದೇ ಕೆಲಸಕ್ಕೆ ಇಳಿಯುವವರಿಗಾಗಿ ಬರೆದಿಡುತ್ತಿದ್ದೇನೆ. ಊರು, ಸಂಸ್ಥೆ, ವ್ಯಕ್ತಿಗಳ ಗುರುತು ಮರೆಸಿದ್ದೇನೆ. ಫೋನ್ ತಯಾರಕರ ಹೆಸರನ್ನೂ ಹೇಳುತ್ತಿಲ್ಲ. ನಾನು ಆ ತಂಡದವನಲ್ಲ. ದೂರುಗಳು ಶುರುವಾದ ಮೇಲೆ ವಿನ್ಯಾಸದ ಸಲಹೆಗೆಂದು ಕರೆಸಿಕೊಂಡವನು.

ಹಿನ್ನೆಲೆ

ಹಳೇ ಮೈಸೂರು ಸೀಮೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಟ್ರಸ್ಟ್ ನಡೆಸುವ ಸಣ್ಣ ಕ್ಲಿನಿಕ್ ಇದೆ. ಬರುವವರಲ್ಲಿ ಬಹುಪಾಲು ಅರವತ್ತು ದಾಟಿದವರು. ಬಿ.ಪಿ., ಶುಗರ್, ಥೈರಾಯ್ಡ್. ಎಷ್ಟೋ ಜನಕ್ಕೆ ಮೂರೂ. ಡಾಕ್ಟರು ವಾರಕ್ಕೆ ಕೆಲವು ದಿನ ಬರುತ್ತಾರೆ. ಮಿಕ್ಕ ಭಾರವೆಲ್ಲ ಒಬ್ಬ ಸಿಸ್ಟರ್ ಮೇಲೆ. ಯಾರ ಸೊಸೆಗೆ ಯಾವಾಗ ಹೆರಿಗೆ ಎಂಬುದರಿಂದ ಹಿಡಿದು ಯಾರು ಮಾತ್ರೆ ನುಂಗದೆ ನುಂಗಿದೆ ಅನ್ನುತ್ತಾರೆ ಎಂಬುದರ ತನಕ ಅವರಿಗೆ ಗೊತ್ತು.

ಮಾತ್ರೆ ತಪ್ಪಿಸುವುದು ಅಲ್ಲಿನ ಹಳೆಯ ತಲೆನೋವು. ಟ್ರಸ್ಟಿಗೆ ದೇಣಿಗೆ ಕೊಡುವ ಕಂಪನಿಯೊಂದು ಆ್ಯಪ್ ಮಾಡಿಸೋಣ ಎಂದಿತು. ಕೆಲಸ ಬೆಂಗಳೂರಿನ ಪುಟ್ಟ ತಂಡವೊಂದಕ್ಕೆ ಬಂತು. ಎಲ್ಲ ಚಿಕ್ಕ ವಯಸ್ಸಿನವರು, ಕೆಲಸ ಬಲ್ಲವರು, ಸಂಬಳಕ್ಕಿಂತ ಕೆಲಸದ ಮೇಲೆ ಆಸೆಯಿದ್ದವರು. ಅಕ್ಷರ ದೊಡ್ಡದು, ಭಾಷೆ ಕನ್ನಡ, ಮಾತ್ರೆಯ ಚಿತ್ರ, ಕೆಳಗೆ ‘ತೆಗೆದುಕೊಂಡೆ’ ಎಂಬ ಒಂದೇ ಹಸಿರು ಗುಂಡಿ. ಆ ಗುಂಡಿ ಒತ್ತಿದ್ದು ಸರ್ವರ್‌ಗೆ ಹೋಗಿ, ಯಾರು ಎಷ್ಟು ಸರಿಯಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಡ್ಯಾಶ್‌ಬೋರ್ಡ್ ಎಂಬ ಲೆಕ್ಕದ ಪುಟದಲ್ಲಿ ಶೇಕಡಾವಾರು ಕಾಣುತ್ತಿತ್ತು. ದೇಣಿಗೆದಾರರಿಗೆ ತಿಂಗಳ ವರದಿ ಅಲ್ಲಿಂದಲೇ. ಈ ಡ್ಯಾಶ್‌ಬೋರ್ಡನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇಡೀ ಜಗಳ ಅದರ ಸುತ್ತಲೇ ನಡೆಯಿತು.

ರೋಗಿಗಳ ಕೈಲಿದ್ದದ್ದು ಹೆಚ್ಚಾಗಿ ಮಕ್ಕಳು ಬಳಸಿ ಬಿಟ್ಟ ಫೋನು, ಇಲ್ಲವೇ ಕಡಿಮೆ ಬೆಲೆಯ ಹೊಸದು. ಎಲ್ಲವೂ ಆ್ಯಂಡ್ರಾಯ್ಡ್. ಆದರೆ ಅದರ ಮೇಲೆ ಪ್ರತಿ ತಯಾರಕನದೂ ಬೇರೆ ಸಾಫ್ಟ್‌ವೇರ್ ಹೊದಿಕೆ, ಬೇರೆ ಬ್ಯಾಟರಿ ನಿಯಮ.

ದೂರು

ಮೊದಲ ತಿಂಗಳು ಚಪ್ಪಾಳೆ. ಎರಡನೆಯ ತಿಂಗಳಿಂದ ಸಿಸ್ಟರ್‌ಗೆ ಒಂದೇ ಮಾತು: “ಏನ್ ಸಿಸ್ಟರ್, ನಿಮ್ಮ ಆ್ಯಪು ಹೊಡ್ಕೊಳ್ಳೋದೇ ಇಲ್ವಲ್ಲ.” ಸಿಸ್ಟರ್ ತಂಡಕ್ಕೆ ಹೇಳಿದರು. ತಂಡ ಲಾಗ್, ಅಂದರೆ ಆ್ಯಪ್ ತಾನೇ ಬರೆದಿಡುವ ದಾಖಲೆ, ತೆಗೆದು ನೋಡಿತು. ಆ ರೋಗಿಯ ಫೋನಿನಲ್ಲಿ ಅಲಾರಂ ಸರಿಯಾಗಿ ಇಟ್ಟಿದೆ, ಅನುಮತಿಯೂ ಇದೆ. ಬೆಂಗಳೂರಿನಿಂದ ಹೋದ ಉತ್ತರ, “ನಮ್ಮ ಕಡೆ ಸರಿಯಾಗೇ ಇದೆ ಮೇಡಂ, ಅವರು ಗಮನಿಸಿರಲ್ಲ.”

ತಪ್ಪನ್ನು ಮುದುಕರ ಕಿವಿಯ ಮೇಲೆ ಹಾಕುವುದು ಸುಲಭ. ಸಿಸ್ಟರ್ ಒಪ್ಪಲಿಲ್ಲ. ಅವರು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಯಾರದು ಹೊಡೆದುಕೊಂಡಿತು, ಯಾರದು ಇಲ್ಲ ಎಂದು ಬರೆಯುತ್ತ ಹೋದರು. ನಾನು ಸೇರಿಕೊಂಡಾಗ ಕೈಗೆ ಸಿಕ್ಕಿದ್ದು ಆ ನೋಟ್‌ಬುಕ್. ಸರ್ವರ್ ಲಾಗ್‌ಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು.

ಅದರಲ್ಲಿ ಕಣ್ಣಿಗೆ ಬಿದ್ದದ್ದು ಬೆಳಗಿನ ಹೊತ್ತು. ಮಧ್ಯಾಹ್ನದ, ರಾತ್ರಿಯ ಅಲಾರಂಗಳು ಆಗೀಗ ತಪ್ಪುತ್ತಿದ್ದವು. ಬೆಳಿಗ್ಗೆ ಆರರದ್ದು ಬಹಳ ಮನೆಗಳಲ್ಲಿ ತಪ್ಪುತ್ತಿತ್ತು. ಆರು ಗಂಟೆಯದೇ ಥೈರಾಯ್ಡ್ ಮಾತ್ರೆ. ಅದನ್ನು ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಕನಿಷ್ಠ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಒಬ್ಬ ಅಮ್ಮನವರ ಫೋನಿನಲ್ಲಿ ಅದು ಆರಕ್ಕೆ ಸುಮ್ಮನಿದ್ದು, ಅವರು ಕಾಫಿ ಮುಗಿಸಿ ಮಗಳಿಗೆ ಫೋನ್ ಮಾಡಲು ಕೈಗೆತ್ತಿಕೊಂಡ ಕೂಡಲೇ ‘ಕಾಫಿಗೆ ಮುಂಚೆ ಮಾತ್ರೆ ತೆಗೆದುಕೊಳ್ಳಿ’ ಎಂದು ಕೂಗುತ್ತಿತ್ತು. “ನಾನು ಕುಡಿಯೋದನ್ನ ಕಾಯ್ಕೊಂಡಿದ್ದು ಹೇಳ್ತದೆ ಕಣಪ್ಪ” ಎಂದು ಆಕೆ ನಕ್ಕರು. ತಂಡದ ಹುಡುಗನಿಗೆ ನಗು ಬರಲಿಲ್ಲ.

ಚಾರ್ಜರ್ ಹೇಳಿದ ಸುಳಿವು

ಸಿಸ್ಟರ್ ಜೊತೆ ಕೆಲವು ಮನೆಗಳಿಗೆ ಹೋದೆವು. ಫೋನಿನ ಮಾದರಿ, ಆವೃತ್ತಿ ಎಲ್ಲ ಬರೆದುಕೊಳ್ಳುವಾಗ ಸಿಸ್ಟರ್ ಸುಮ್ಮನೆ ಒಂದು ಪ್ರಶ್ನೆ ಸೇರಿಸಿದರು: ರಾತ್ರಿ ಫೋನ್ ಎಲ್ಲಿಡ್ತೀರ? ಅಲ್ಲಿ ಗಂಟು ಬಿಚ್ಚಿಕೊಂಡಿತು. ರಾತ್ರಿಯಿಡೀ ಚಾರ್ಜಿಗೆ ಹಾಕಿಡುವ ಮನೆಗಳಲ್ಲಿ ಬೆಳಗಿನ ಅಲಾರಂ ಹೊಡೆದುಕೊಳ್ಳುತ್ತಿತ್ತು. ‘ರಾತ್ರಿ ಚಾರ್ಜಿಗೆ ಹಾಕಿದ್ರೆ ಸಿಡಿಯುತ್ತೆ’ ಎಂಬ ಭಯಕ್ಕೆ ಪ್ಲಗ್ ಕಿತ್ತು, ಫೋನನ್ನು ದೇವರಗೂಡಿನಲ್ಲೋ ಟಿ.ವಿ. ಮೇಲೋ ಇಟ್ಟು ಮಲಗುವವರ ಮನೆಯಲ್ಲಿ ಇಲ್ಲ.

ಕಾರಣ ನಿಗೂಢವೇನಲ್ಲ. 2015ರಲ್ಲಿ ಬಂದ ಆ್ಯಂಡ್ರಾಯ್ಡ್ 6.0ರಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಚಾರ್ಜರ್ ಇಲ್ಲದೆ, ಪರದೆ ಆರಿ, ಅಲುಗಾಡದೆ ಬಿದ್ದಿರುವ ಫೋನು ಸ್ವಲ್ಪ ಹೊತ್ತಿನ ಮೇಲೆ ಗಾಢ ನಿದ್ದೆಗೆ ಜಾರುತ್ತದೆ. ಆಗ ಆ್ಯಪ್‌ಗಳ ನೆಟ್‌ವರ್ಕ್, ಹಿನ್ನೆಲೆಯ ಕೆಲಸ, ಮಾಮೂಲಿ ಅಲಾರಂ ಎಲ್ಲವನ್ನೂ ತಡೆಹಿಡಿದು, ನಡುನಡುವೆ ತೆರೆಯುವ ಸಣ್ಣ ಅವಧಿಯಲ್ಲಿ ಒಟ್ಟಿಗೆ ಬಿಡುತ್ತದೆ. ನಿದ್ದೆ ಉದ್ದವಾದಷ್ಟೂ ಆ ಅವಧಿಗಳು ಅಪರೂಪ. ರಾತ್ರಿಯೆಲ್ಲ ಕದಲದೆ ಬಿದ್ದ ಫೋನಿಗೆ ಬೆಳಗಿನ ಆರು ಗಂಟೆ ಎಂದರೆ ನಿದ್ದೆಯ ಅತ್ಯಂತ ಆಳ.

ಹಾಗಾದರೆ ಬೆಂಗಳೂರಿನಲ್ಲಿ ಪರೀಕ್ಷೆ ಮಾಡುವಾಗ ಯಾಕೆ ಕಾಣಲಿಲ್ಲ? ಡೆವಲಪರ್ ಮೇಜಿನ ಮೇಲಿನ ಫೋನು ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಕಟ್ಟಿಕೊಂಡಿರುತ್ತದೆ. ತಂತಿಯಲ್ಲಿ ಕರೆಂಟ್ ಹರಿಯುತ್ತಿರುತ್ತದೆ, ಡೋಜ್ ಬರುವುದಿಲ್ಲ. ಡೋಜ್‌ಗೆ ಬಲವಂತವಾಗಿ ತಳ್ಳಿ ಪರೀಕ್ಷಿಸುವ ಆದೇಶಗಳು ಇವೆ, ಆದರೆ ಅವನ್ನು ಓಡಿಸಬೇಕು ಎಂದು ಹೊಳೆಯುವುದು ಪೆಟ್ಟು ತಿಂದ ಮೇಲೆ. ಫೋನ್ ಸಾಫ್ಟ್‌ವೇರಿನ ಬಹಳಷ್ಟು ತೊಂದರೆ ಹೀಗೆಯೇ ಇರುತ್ತದೆ ಎಂದು ನನಗೆ ಅನ್ನಿಸಿದೆ: ತಯಾರಾಗುವುದು ಸದಾ ಚಾರ್ಜ್ ಇರುವ, ಸದಾ ವೈ-ಫೈ ಇರುವ, ದಿನಕ್ಕೆ ನೂರು ಸಲ ಮುಟ್ಟಿಸಿಕೊಳ್ಳುವ ಫೋನುಗಳಲ್ಲಿ, ಓಡಬೇಕಾಗಿರುವುದು ಇಡೀ ರಾತ್ರಿ ದೇವರಗೂಡಿನಲ್ಲಿ ಮಲಗುವ ಫೋನುಗಳಲ್ಲಿ.

ಮೊದಲ ಪ್ರಯತ್ನಗಳು

ಡೋಜ್‌ಗೆ ಮದ್ದು ಆ್ಯಂಡ್ರಾಯ್ಡಿನಲ್ಲೇ ಇತ್ತು. ಗಡಿಯಾರದ ಆ್ಯಪ್‌ಗಳಿಗೆಂದೇ ಒಂದು ಬಗೆಯ ಅಲಾರಂ ಇದೆ. ಅದು ಹೊಡೆದುಕೊಳ್ಳುವ ಮುಂಚೆ ವ್ಯವಸ್ಥೆಯೇ ಫೋನನ್ನು ನಿದ್ದೆಯಿಂದ ಎಬ್ಬಿಸುತ್ತದೆ, ಪರದೆಯ ಮೇಲಂಚಿನಲ್ಲಿ ಪುಟ್ಟ ಗಡಿಯಾರದ ಗುರುತೂ ಬರುತ್ತದೆ. ತಂಡ ಅದಕ್ಕೆ ಬದಲಾಯಿಸಿತು. ಬೆಳಗಿನ ತೊಂದರೆ ಬಹುಪಾಲು ಕಡಿಮೆಯಾಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು, ಕೆಲವೇ ವಾರ.

ಉಳಿದ ದೂರುಗಳು ಕೆಲವು ತಯಾರಕರ ಫೋನುಗಳಿಂದಲೇ ಬರುತ್ತಿದ್ದವು. ನಿವೃತ್ತ ಮೇಷ್ಟ್ರೊಬ್ಬರಿದ್ದರು, ತುಂಬ ಅಚ್ಚುಕಟ್ಟು. ಮೊಮ್ಮಗ ಕಲಿಸಿಕೊಟ್ಟಿದ್ದ: ಫೋನ್ ಬಳಸಿದ ಮೇಲೆ ತೆರೆದ ಆ್ಯಪ್‌ಗಳನ್ನೆಲ್ಲ ಮೇಲಕ್ಕೆ ಉಜ್ಜಿ ತೆಗೆದುಬಿಡಿ ತಾತ, ಇಲ್ಲದಿದ್ದರೆ ಫೋನ್ ನಿಧಾನವಾಗುತ್ತೆ. ಮೇಷ್ಟ್ರು ಪ್ರತಿ ರಾತ್ರಿ ಚಾಚೂ ತಪ್ಪದೆ ಹಾಗೆ ಮಾಡುತ್ತಿದ್ದರು. ಮೂಲ ಆ್ಯಂಡ್ರಾಯ್ಡಿನಲ್ಲಿ ಹೀಗೆ ಉಜ್ಜಿದರೆ ಇಟ್ಟ ಅಲಾರಂಗೆ ಏನೂ ಆಗುವುದಿಲ್ಲ. ಕೆಲವು ತಯಾರಕರ ಹೊದಿಕೆಯಲ್ಲಿ ಮಾತ್ರ, ಉಜ್ಜುವುದೆಂದರೆ ಆ್ಯಪನ್ನು ಬಲವಂತವಾಗಿ ನಿಲ್ಲಿಸಿದಂತೆ. ಹಾಗೆ ನಿಂತ ಆ್ಯಪ್ ಇಟ್ಟಿದ್ದ ಅಲಾರಂಗಳೆಲ್ಲ ರದ್ದು. ಯಾರಾದರೂ ಮತ್ತೆ ಕೈಯಾರೆ ತೆರೆಯುವ ತನಕ ಅದಕ್ಕೆ ಜೀವವಿಲ್ಲ. ಸೋಮಾರಿಗಳ ಫೋನಿನಲ್ಲಿ ಅಲಾರಂ ಉಳಿಯುತ್ತಿತ್ತು. ಅಚ್ಚುಕಟ್ಟಿನವರದು ಸಾಯುತ್ತಿತ್ತು.

ಈ ಕಾಟ ಹೊಸದಲ್ಲ. ‘ಡೋಂಟ್ ಕಿಲ್ ಮೈ ಆ್ಯಪ್’ ಎಂದು ಬೇಡಿಕೊಳ್ಳುವ ಹೆಸರಿನಲ್ಲೇ ಡೆವಲಪರ್‌ಗಳು ಒಂದು ತಾಣ ನಡೆಸುತ್ತಾರೆ. ಯಾವ ತಯಾರಕರ ಫೋನು ಹಿನ್ನೆಲೆಯ ಆ್ಯಪ್‌ಗಳನ್ನು ಎಷ್ಟು ಕ್ರೂರವಾಗಿ ಕೊಲ್ಲುತ್ತದೆ, ಯಾವ ಸೆಟ್ಟಿಂಗ್ ಬದಲಿಸಿದರೆ ಬದುಕುತ್ತದೆ ಎಂಬ ಪಟ್ಟಿ ಅಲ್ಲಿದೆ. ತಂಡ ಆ ಪಟ್ಟಿಯನ್ನೇ ಆಧಾರ ಮಾಡಿಕೊಂಡು ಆ್ಯಪ್‌ನೊಳಗೆ ಮಾರ್ಗದರ್ಶಿ ಪುಟಗಳನ್ನು ಕಟ್ಟಿತು: ಆಟೋಸ್ಟಾರ್ಟ್ (ಆ್ಯಪ್ ತಾನಾಗಿ ಶುರುವಾಗಲು ಬಿಡುವ ಸೆಟ್ಟಿಂಗ್) ಆನ್ ಮಾಡಿ, ಬ್ಯಾಟರಿಯಲ್ಲಿ ನಿರ್ಬಂಧ ತೆಗೆಯಿರಿ, ತೆರೆದ ಆ್ಯಪ್‌ಗಳ ಪಟ್ಟಿಯಲ್ಲಿ ಬೀಗದ ಗುರುತು ಒತ್ತಿ.

ಕಾಗದದ ಮೇಲೆ ಚೆನ್ನಾಗಿತ್ತು. ನಡೆದದ್ದು ಬೇರೆ. ಇವನ್ನೆಲ್ಲ ರೋಗಿಗಳು ಮಾಡಲಾರರು, ಸಿಸ್ಟರ್ ಮಾಡಬೇಕು. ಬಿ.ಪಿ. ನೋಡುವ ಹೊತ್ತಿನಲ್ಲಿ ಅವರು ಫೋನ್ ಸೆಟ್ಟಿಂಗ್ಸಿನಲ್ಲಿ ಹುಡುಕುತ್ತ ಕೂತರು. ಹೊರಗೆ ಕ್ಯೂ ಬೆಳೆಯಿತು. ಡಾಕ್ಟರು ಒಂದು ದಿನ ಬಾಗಿಲಿಗೆ ಬಂದು, “ಸಿಸ್ಟರ್, ಇದೇನು ಕ್ಲಿನಿಕ್ಕಾ, ಮೊಬೈಲ್ ಅಂಗಡಿನಾ?” ಎಂದರು. ಅಷ್ಟಕ್ಕೂ ಒಮ್ಮೆ ಮಾಡಿದರೆ ಮುಗಿಯಿತೆಂದಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ ಕೆಲವರ ಫೋನಿನಲ್ಲಿ ಎಲ್ಲ ಮೊದಲಿನಂತಾಯಿತು, ಮೆನು ಇದ್ದ ಜಾಗವೂ ಬದಲಾಯಿತು.

ಅನುಮತಿಗಳದ್ದು ಇನ್ನೊಂದು ರಗಳೆ. 2021ರ ಆ್ಯಂಡ್ರಾಯ್ಡ್ 12ರಿಂದ ನಿಖರ ಸಮಯದ ಅಲಾರಂಗೆ ಪ್ರತ್ಯೇಕ ಅನುಮತಿ ಬಂತು. 2022ರ ಆ್ಯಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ತೋರಿಸಲೂ ಕೇಳಬೇಕು. 2023ರ 14ರಲ್ಲಿ ನಿಖರ ಅಲಾರಂನ ಅನುಮತಿ ಹೊಸದಾಗಿ ಹಾಕಿಕೊಂಡ ಬಹುಪಾಲು ಆ್ಯಪ್‌ಗಳಿಗೆ ತಾನಾಗಿ ಸಿಗುವುದೂ ನಿಂತಿತು. ಸೆಟ್ಟಿಂಗ್ಸಿಗೆ ಹೋಗಿ ಆನ್ ಮಾಡಬೇಕು. ಇತ್ತ ಮನೆಯಲ್ಲಿ ಮಕ್ಕಳು ಹೇಳಿಕೊಟ್ಟಿರುವುದೇನು? ಸಾಲದ ಆ್ಯಪ್‌ಗಳ, ಒಟಿಪಿ ವಂಚನೆಗಳ ಸುದ್ದಿ ಕೇಳಿ ಹೆದರಿ, “ಅಮ್ಮ, ಫೋನ್ ಏನ್ ಕೇಳಿದ್ರೂ ಬೇಡ ಅಂತ ಒತ್ತು” ಎಂದು. ಒಳ್ಳೆಯ ಬುದ್ಧಿವಾದವೇ. ಅಮ್ಮ ಬೇಡ ಎಂದು ಒತ್ತಿದರು, ಅಲ್ಲಿಗೆ ಮಾತ್ರೆ ನೆನಪಿಸುವ ಆ್ಯಪ್ ಮೂಗವಾಯಿತು.

ಮುಂದಿನದು, ಆ್ಯಪ್ ಸದಾ ಎಚ್ಚರವಾಗಿರುವಂತೆ ಮಾಡುವ ಪ್ರಯತ್ನ. ಅದಕ್ಕೆ ನೋಟಿಫಿಕೇಶನ್ ಪಟ್ಟಿಯಲ್ಲಿ ‘ಆ್ಯಪ್ ಚಾಲನೆಯಲ್ಲಿದೆ’ ಎಂಬ ಸಾಲು ಸದಾ ಇರಬೇಕು ಎಂಬುದು ನಿಯಮ. ಮೊಮ್ಮಕ್ಕಳು ಆ ಸಾಲು ನೋಡಿ ಕಿರಿಕಿರಿಯಾಗಿ ಆ್ಯಪನ್ನೇ ಆಫ್ ಮಾಡಿದರು. ಕೆಲವು ಫೋನುಗಳು ತಾವೇ ‘ಈ ಆ್ಯಪ್ ಬ್ಯಾಟರಿ ಹೆಚ್ಚು ಬಳಸುತ್ತಿದೆ, ನಿಲ್ಲಿಸಲೇ?’ ಎಂದು ಮಾಲೀಕರನ್ನು ಕೇಳತೊಡಗಿದವು. ಕೇಳಿದ್ದಕ್ಕೆ ಹೂಂ ಎಂದವರೂ ಇದ್ದರು.

ಎಸ್ಸೆಮ್ಮೆಸ್ಸನ್ನೂ ಯೋಚಿಸಿದ್ದಾಯಿತು. ನಮ್ಮಲ್ಲಿ ಸಂಸ್ಥೆಗಳು ಎಸ್ಸೆಮ್ಮೆಸ್ ಕಳಿಸಬೇಕಾದರೆ ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಂತೆ ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಬೇಕು. ಇಂಗ್ಲಿಷಿಗೆ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ 70, ಅದರಲ್ಲೂ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ಅದಕ್ಕಿಂತ ದೊಡ್ಡ ಮಾತೆಂದರೆ, ರೀಚಾರ್ಜ್ ಮತ್ತು ಸಾಲದ ಸಂದೇಶಗಳ ಗುಡ್ಡದಲ್ಲಿ ಎಸ್ಸೆಮ್ಮೆಸ್ ತೆಗೆದು ಓದುವ ಅಭ್ಯಾಸವೇ ಆ ಜನರಲ್ಲಿ ಉಳಿದಿರಲಿಲ್ಲ. ಕೈಬಿಟ್ಟೆವು.

ತಪ್ಪು ಯಾರದು ಎಂಬ ಪ್ರಶ್ನೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ತಂಡದ ಸಭೆಗಳಲ್ಲಿ ಹೊತ್ತು ಹೋದದ್ದು ಇದರಲ್ಲೇ. ಹುಡುಗರಿಗೆ ಫೋನ್ ತಯಾರಕರ ಮೇಲೆ ಸಿಟ್ಟು. ಸಿಟ್ಟಿಗೆ ಕಾರಣವೂ ಇತ್ತು. ಕಡಿಮೆ ಬೆಲೆಯ ಫೋನ್ ಮಾರಾಟವಾಗುವುದೇ ‘ಎರಡು ದಿನ ಚಾರ್ಜ್ ಬರುತ್ತೆ’ ಎಂಬ ಮಾತಿನ ಮೇಲೆ. ವಿಮರ್ಶೆ ಮಾಡುವವರು ಅಳೆಯುವುದು ಪರದೆ ಎಷ್ಟು ಗಂಟೆ ಉರಿಯಿತು ಎಂಬುದನ್ನು. ಅಲಾರಂ ಹೊಡೆದುಕೊಂಡಿತೇ ಎಂದು ಯಾರೂ ಅಳೆಯುವುದಿಲ್ಲ. ಬ್ಯಾಟರಿ ಬೇಗ ಮುಗಿದರೆ ಜನ ಬೈಯುವುದು ಫೋನನ್ನು, ಅಲಾರಂ ತಪ್ಪಿದರೆ ಬೈಯುವುದು ಆ್ಯಪನ್ನು. ತಯಾರಕನ ಲೆಕ್ಕ ಅಲ್ಲಿಗೆ ಮುಗಿಯಿತು. ದೊಡ್ಡ ಮೆಸೇಜಿಂಗ್ ಆ್ಯಪ್‌ಗಳಿಗೆ ಎಷ್ಟೋ ಫೋನುಗಳಲ್ಲಿ ಮೊದಲೇ ವಿನಾಯಿತಿ ಕೊಟ್ಟಿರುತ್ತಾರೆ, ಏಕೆಂದರೆ ಅವು ನಿಂತರೆ ಫೋನನ್ನೇ ಅಂಗಡಿಗೆ ತಂದು ಬಿಸಾಡುತ್ತಾರೆ. ತಾಲ್ಲೂಕಿನ ಕ್ಲಿನಿಕ್ಕಿನ ಆ್ಯಪ್‌ಗೆ ಆ ಪಟ್ಟಿಯಲ್ಲಿ ಜಾಗ ಕೇಳಲು ಯಾವ ಬಾಗಿಲು ತಟ್ಟಬೇಕು?

ಆದರೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ನಾನು ಸಭೆಯಲ್ಲಿ ಹೇಳಿದಾಗ ಯಾರಿಗೂ ಹಿತವಾಗಲಿಲ್ಲ. ಈ ಕಡಿವಾಣಗಳು ಸುಮ್ಮನೆ ಬಂದಿಲ್ಲ. ಒಂದು ಕಾಲದಲ್ಲಿ ಆ್ಯಂಡ್ರಾಯ್ಡಿನಲ್ಲಿ ಆ್ಯಪ್‌ಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಶಾಪಿಂಗ್ ಆ್ಯಪ್, ಗೇಮು, ಫೋನ್ ಶುಚಿ ಮಾಡುತ್ತೇನೆ ಎನ್ನುವ ಆ್ಯಪ್ ಎಲ್ಲವೂ ನಿಮಿಷಕ್ಕೊಮ್ಮೆ ಫೋನನ್ನು ಎಬ್ಬಿಸಿ ಜಾಗ, ಜಾಹೀರಾತು, ಲೆಕ್ಕ ಎಂದು ಬ್ಯಾಟರಿ ಹೀರುತ್ತಿದ್ದವು. ಅದಕ್ಕೇ 2015ರ ಡೋಜ್, 2017ರ ಆ್ಯಂಡ್ರಾಯ್ಡ್ 8ರಲ್ಲಿ ಹಿನ್ನೆಲೆ ಕೆಲಸಕ್ಕೆ ಮಿತಿ, 2018ರ 9ರಲ್ಲಿ ಬಳಕೆ ನೋಡಿ ಆ್ಯಪ್‌ಗಳನ್ನು ದರ್ಜೆಗೆ ಹಾಕುವ ಪದ್ಧತಿ. ಕಳ್ಳರ ಕಾಟ ತಾಳಲಾರದೆ ಇಟ್ಟ ಕಾವಲುಗಾರ ಹಾಲಿನವನನ್ನೂ ಗೇಟಿನಾಚೆ ನಿಲ್ಲಿಸಿದ ಹಾಗಾಯಿತು, ಅಷ್ಟೆ. ದರ್ಜೆ ಪದ್ಧತಿಯನ್ನೇ ನೋಡಿ: ದಿನಾ ತೆರೆಯುವ ಆ್ಯಪ್ ಮೇಲಿನ ದರ್ಜೆಯಲ್ಲಿ, ಅಪರೂಪಕ್ಕೆ ತೆರೆಯುವುದು ಕೆಳಗೆ. ತೆರೆಯುವ ಅಗತ್ಯವೇ ಬೀಳದ ಹಾಗೆ ಕೆಲಸ ಮಾಡುವುದು ಒಳ್ಳೆಯ ವಿನ್ಯಾಸ ಎಂದು ನಂಬಿದವನು ನಾನು. ಈ ಲೆಕ್ಕದಲ್ಲಿ ಅಂಥ ಆ್ಯಪ್ ಬೇಡದ ಆ್ಯಪ್. ಇಡೀ ಉದ್ಯಮಕ್ಕೆ ‘ಬಳಕೆ’ ಎಂದರೆ ಬೆರಳು ಎಷ್ಟು ಸಲ ಮುಟ್ಟಿತು ಎಂಬುದೇ ಆಗಿಹೋಗಿದೆ, ಫೋನಿನ ಬ್ಯಾಟರಿ ವ್ಯವಸ್ಥೆಯೂ ಅದನ್ನೇ ಕಲಿತಿದೆ.

ಹಾಗಾಗಿ ತಪ್ಪು ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೂ ಆ ಥೈರಾಯ್ಡ್ ಅಮ್ಮನವರಿಗೆ ಬೆಳಿಗ್ಗೆ ಆರಕ್ಕೆ ಅಲಾರಂ ಹೊಡೆದುಕೊಳ್ಳುತ್ತಿರಲಿಲ್ಲ.

ತಿರುವು

ತಿರುವು ತಂದವರು ಅದೇ ಅಚ್ಚುಕಟ್ಟಿನ ಮೇಷ್ಟ್ರು. ಅವರ ಮನೆಯಲ್ಲಿ ಕೂತು ಮತ್ತೊಂದು ಸಲ ಸೆಟ್ಟಿಂಗ್ ನೋಡುತ್ತಿದ್ದಾಗ ಫೋನು ಜೋರಾಗಿ ಹೊಡೆದುಕೊಂಡಿತು. ನಮ್ಮ ಆ್ಯಪ್ ಅಲ್ಲ. ಸಂಜೆ ವಾಕಿಂಗಿಗೆಂದು ಅವರೇ ಫೋನಿನ ಗಡಿಯಾರದಲ್ಲಿ ಇಟ್ಟುಕೊಂಡಿದ್ದ ಅಲಾರಂ. ದಿನಾ ರಾತ್ರಿ ಎಲ್ಲ ಆ್ಯಪ್ ಉಜ್ಜಿ ತೆಗೆದರೂ, ಸೈಲೆಂಟಿನಲ್ಲಿಟ್ಟರೂ ಅದು ತಪ್ಪಿದ್ದಿಲ್ಲವಂತೆ. ಮೇಷ್ಟ್ರು ಅದನ್ನು ಆರಿಸಿ, ಪಾಠ ಕೇಳುವ ಧಾಟಿಯಲ್ಲಿ ಹೇಳಿದರು: “ಇದು ಹೊಡ್ಕೊಳ್ತದಲ್ಲಪ್ಪ, ನಿಮ್ಮದಕ್ಕೇನು ಬಂತು? ಇದರ ಹತ್ರಾನೇ ಹೇಳಿ ಹೊಡೆಸಿ.”

ಅವರು ತಮಾಷೆಗೆ ಹೇಳಿದ್ದರು. ಆದರೆ ಅದು ಆಗುವ ಕೆಲಸ. ಫೋನಿನ ಜೊತೆಗೇ ಬರುವ ಗಡಿಯಾರ ವ್ಯವಸ್ಥೆಯ ಆ್ಯಪ್. ತಯಾರಕ ತನ್ನದೇ ಗಡಿಯಾರವನ್ನು ಕೊಲ್ಲುವುದಿಲ್ಲ. ಅಲಾರಂನ ಸದ್ದು ರಿಂಗಿನ ಸದ್ದಿಗಿಂತ ಬೇರೆ, ಸೈಲೆಂಟಿನಲ್ಲೂ ಕೇಳಿಸುತ್ತದೆ. ‘ಈ ಹೊತ್ತಿಗೆ, ವಾರದ ಈ ದಿನಗಳಂದು, ಈ ಹೆಸರಿನಲ್ಲಿ ಅಲಾರಂ ಇಡು’ ಎಂದು ಬೇರೆ ಆ್ಯಪ್ ಗಡಿಯಾರವನ್ನು ಕೇಳಿಕೊಳ್ಳುವ ವ್ಯವಸ್ಥೆ ಆ್ಯಂಡ್ರಾಯ್ಡಿನಲ್ಲಿ ಬಹಳ ಹಿಂದಿನಿಂದಲೂ ಇದೆ. ಅದಕ್ಕೆ ಬೇಕಾದ ಅನುಮತಿ ಆ್ಯಪ್ ಹಾಕಿಕೊಳ್ಳುವಾಗಲೇ ಸಿಗುತ್ತದೆ, ಹೆದರಿಸುವ ಪೆಟ್ಟಿಗೆ ಏಳುವುದಿಲ್ಲ. ಒಮ್ಮೆ ಇಟ್ಟರೆ ಮುಗಿಯಿತು. ನಮ್ಮ ಆ್ಯಪನ್ನು ಉಜ್ಜಲಿ, ನಿಲ್ಲಿಸಲಿ, ಅಳಿಸಿಯೇ ಹಾಕಲಿ, ಅಲಾರಂ ಗಡಿಯಾರದಲ್ಲಿ ಉಳಿಯುತ್ತದೆ.

ಬೆಂಗಳೂರಿನಲ್ಲಿ ಇದನ್ನು ಇಟ್ಟಾಗ ಮೊದಲ ಪ್ರತಿಕ್ರಿಯೆ ಮೌನ. ಆಮೇಲೆ ತಂಡದ ಮುಖ್ಯಸ್ಥ ಕೇಳಿದ: “ಹಾಗಾದ್ರೆ ನಮ್ಮ ಆ್ಯಪ್ ಯಾಕೆ ಬೇಕು ಸರ್?”

ಆ ಪ್ರಶ್ನೆ ಅಹಂಕಾರದ್ದಲ್ಲ. ಗಡಿಯಾರಕ್ಕೆ ಒಪ್ಪಿಸಿದ ಕೂಡಲೇ ನಮ್ಮ ಕೈ ಖಾಲಿ. ಅಲಾರಂ ಹೊಡೆದುಕೊಂಡಿತೇ, ಯಾರು ನಿಲ್ಲಿಸಿದರು, ಎಷ್ಟು ಹೊತ್ತಿಗೆ, ಯಾವುದೂ ಗೊತ್ತಾಗದು. ‘ತೆಗೆದುಕೊಂಡೆ’ ಗುಂಡಿ ಇಲ್ಲ. ಗುಂಡಿ ಇಲ್ಲವೆಂದರೆ ಡ್ಯಾಶ್‌ಬೋರ್ಡ್ ಇಲ್ಲ. ಡ್ಯಾಶ್‌ಬೋರ್ಡ್ ಇಲ್ಲವೆಂದರೆ ತಿಂಗಳ ವರದಿ ಇಲ್ಲ, ಬಹುಶಃ ಮುಂದಿನ ವರ್ಷದ ಹಣವೂ ಇಲ್ಲ. ಚಂದದ ಹಸಿರು ಗುಂಡಿಗಾಗಿ ವಾರಗಟ್ಟಲೆ ಕೂತಿದ್ದ ಹುಡುಗಿಯ ಮುಖ ನೋಡಲಾಗಲಿಲ್ಲ. ಅವರಲ್ಲಿ ಒಬ್ಬ, ಎರಡೂ ಇರಲಿ ಎಂದ: ಗಡಿಯಾರದ ಅಲಾರಂ ಜೊತೆಗೆ ನಮ್ಮ ನೋಟಿಫಿಕೇಶನ್ನೂ. ಒಂದು ಮಾತ್ರೆಗೆ ಎರಡು ಸಲ ಸದ್ದಾದರೆ ಎಂಬತ್ತರ ಅಜ್ಜಿ ಎರಡು ಮಾತ್ರೆ ನುಂಗುವುದಿಲ್ಲ ಎಂದು ಯಾರು ಹೊಣೆ ಹೊರುತ್ತಾರೆ ಎಂದು ಸಿಸ್ಟರ್ ಫೋನಿನಲ್ಲೇ ಕೇಳಿದರು. ಆ ಪ್ರಸ್ತಾಪ ಅಲ್ಲಿಗೆ ನಿಂತಿತು.

ಗುಂಡಿಯ ಬೆಲೆ

ತೀರ್ಮಾನಕ್ಕೆ ಮುಂಚೆ ಒಂದು ಕೆಲಸ ಮಾಡೋಣ ಎಂದೆ: ಡ್ಯಾಶ್‌ಬೋರ್ಡ್ ಹೇಳುವುದು ನಿಜವೇ ಎಂದು ನೋಡುವುದು. ಸಿಸ್ಟರ್‌ಗೆ ಇದರ ದಾರಿ ಗೊತ್ತಿತ್ತು. ಮುಂದಿನ ಸಲ ಬರುವಾಗ ಮಾತ್ರೆಯ ಸ್ಟ್ರಿಪ್ ತನ್ನಿ ಎಂದು ಎಲ್ಲರಿಗೂ ಹೇಳಿದರು. ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ಎಣಿಸಿ, ಗುಂಡಿ ಒತ್ತಿದ ಲೆಕ್ಕದ ಪಕ್ಕದಲ್ಲಿ ಬರೆದರು.

ಎರಡಕ್ಕೂ ತಾಳಮೇಳವಿರಲಿಲ್ಲ. ದಿನಾ ಗುಂಡಿ ಒತ್ತಿದ್ದವರೊಬ್ಬರ ಸ್ಟ್ರಿಪ್ಪಿನಲ್ಲಿ ಅರ್ಧ ಹಾಗೇ ಇತ್ತು. ವಿಚಾರಿಸಿದರೆ, ಸದ್ದು ನಿಲ್ಲಲಿ ಎಂದು ಮೊಮ್ಮಗು ಒತ್ತುತ್ತಿತ್ತು. ಇನ್ನೊಬ್ಬರು ಒಂದು ದಿನವೂ ಗುಂಡಿ ಒತ್ತಿರಲಿಲ್ಲ, ಮಾತ್ರೆ ಒಂದೂ ತಪ್ಪಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಅವರದು ಕೆಂಪು ಸಾಲು. ಬೇಜಾರಿನ ಸಂಗತಿಯೆಂದರೆ, ಕೆಂಪು ಸಾಲಿನವರಿಗೆ ಬುದ್ಧಿ ಹೇಳಿ ಎಂದು ವರದಿ ಓದಿದ ಯಾರೋ ಟ್ರಸ್ಟಿಗೆ ಬರೆದೂ ಇದ್ದರು.

ಡಾಕ್ಟರನ್ನು ಕೇಳಿದೆವು, ಈ ಶೇಕಡಾವಾರು ನಿಮಗೆ ಎಷ್ಟು ಬೇಕು? “ನಾನು ಒಂದು ಸಲಾನೂ ತೆಗೆದು ನೋಡಿಲ್ಲ. ಬಿ.ಪಿ. ನೋಡಿದ್ರೆ ಗೊತ್ತಾಗುತ್ತೆ, ಇಲ್ದಿದ್ರೆ ಸಿಸ್ಟರ್ ಹೇಳ್ತಾರೆ” ಎಂದರು.

ಇಡೀ ಪ್ರಕರಣದಲ್ಲಿ ನನ್ನ ಮಟ್ಟಿಗೆ ಮುಖ್ಯವಾದ ಘಟ್ಟ ಇದು. ಅಲಾರಂ ಯಾಕೆ ಸಾಯುತ್ತಿದೆ ಎಂಬುದಕ್ಕೆ ತಾಂತ್ರಿಕ ಕಾರಣಗಳು ಬೇಕಾದಷ್ಟಿದ್ದವು. ಆದರೆ ಅಷ್ಟು ದಿನ ತಂಡ ಸುಲಭದ ದಾರಿಯನ್ನು ಕಾಣದೆ ಹೋದದ್ದು ಆ ಗುಂಡಿಯಿಂದ. ಅಲಾರಂ ತಮ್ಮ ಆ್ಯಪ್‌ನೊಳಗೇ ಇರಬೇಕು ಎಂಬುದು ರೋಗಿಗೆ ಬೇಕಾದದ್ದಲ್ಲ, ವರದಿಗೆ ಬೇಕಾದದ್ದು. ಎಷ್ಟೋ ದೊಡ್ಡ ಆ್ಯಪ್‌ಗಳಲ್ಲೂ ಇದೇ ನಡೆಯುತ್ತಿರುವುದನ್ನು ಕಂಡಿದ್ದೇನೆ. ಫೋನಿನಲ್ಲಿ ಆಗಲೇ ಇರುವ ಕ್ಯಾಲೆಂಡರ್, ಗಡಿಯಾರ, ಕಾಂಟ್ಯಾಕ್ಟ್ಸ್ ಚೆನ್ನಾಗಿ ಮಾಡುವ ಕೆಲಸವನ್ನು ತಾವೇ ಮಾಡಲು ಹೊರಡುತ್ತಾರೆ, ಏಕೆಂದರೆ ಅವಕ್ಕೆ ಒಪ್ಪಿಸಿದರೆ ಎಣಿಸಲು ಏನೂ ಉಳಿಯುವುದಿಲ್ಲ. ಎಣಿಕೆಗೆ ಸಿಗದ ಉಪಕಾರಕ್ಕೆ ಈ ಉದ್ಯಮದಲ್ಲಿ ಬಡ್ತಿಯಿಲ್ಲ.

ದೇಣಿಗೆದಾರರ ಜೊತೆಗಿನ ಮಾತುಕತೆಗೆ ಟ್ರಸ್ಟಿನ ಕಾರ್ಯದರ್ಶಿ ಸ್ಟ್ರಿಪ್ ಎಣಿಕೆಯ ಹಾಳೆಯನ್ನೇ ಹಿಡಿದುಕೊಂಡು ಹೋದರು. ಗುಂಡಿಯ ಅಂಕಿ ಸುಳ್ಳು, ಇದು ದಿಟ, ಇದನ್ನು ತಿಂಗಳಿಗೊಮ್ಮೆ ಕೊಡುತ್ತೇವೆ ಎಂದರು. ನಾವೆಲ್ಲ ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಕೂತವರಲ್ಲಿ ಒಬ್ಬರು, ಗ್ರಾಫ್ ಮಾತ್ರ ಇರಲಿ ಎಂದರಂತೆ. ಇದೆ.

ಆಮೇಲೆ ಆದದ್ದು

ಈಗಿನ ಆ್ಯಪ್ ರೋಗಿಗಳ ಫೋನಿನಲ್ಲಿ ಇದ್ದೂ ಇಲ್ಲದ ಹಾಗೆ. ಕ್ಲಿನಿಕ್ಕಿನಲ್ಲಿ ಸಿಸ್ಟರ್ ತೆರೆದು ಮಾತ್ರೆ ಆರಿಸುತ್ತಾರೆ. ಊಟಕ್ಕೆ ಮುಂಚೆಯೋ ಆಮೇಲೋ ಕೇಳಿ, ಆ ಮನೆಯ ಊಟದ ಹೊತ್ತು ಹಾಕುತ್ತಾರೆ. ಒಂದೊಂದೇ ಅಲಾರಂ ಗಡಿಯಾರಕ್ಕೆ ಹೋಗುತ್ತದೆ. ಹೊಡೆದುಕೊಂಡಾಗ ಪರದೆಯ ಮೇಲೆ ‘ಥೈರಾಯ್ಡ್, ಕಾಫಿಗೆ ಮುಂಚೆ’ ಎಂದು ಬರುತ್ತದೆ. ಮಾರ್ಗದರ್ಶಿ ಪುಟ, ಆಟೋಸ್ಟಾರ್ಟ್, ಸದಾ ಇರುವ ನೋಟಿಫಿಕೇಶನ್, ಸರ್ವರ್ ಎಲ್ಲ ತೆಗೆದುಹಾಕಿದೆ. ಕೋಡ್ ಬಹಳ ಕಿರಿದಾಯಿತು. ಹೊಡೆದುಕೊಳ್ಳಲ್ಲ ಎಂಬ ದೂರು ನಿಂತಿತು ಎಂದೇ ಹೇಳಬಹುದು. ಬಂದ ಒಂದೆರಡೂ ಅಲಾರಂನ ಸದ್ದನ್ನೇ ಪೂರ್ತಿ ಇಳಿಸಿಕೊಂಡವರದು.

ಹೊಸ ದೂರುಗಳು ಬಂದವು. ಗಡಿಯಾರದ ಆ್ಯಪ್‌ಗಳೂ ತಯಾರಕರಿಂದ ತಯಾರಕರಿಗೆ ಬೇರೆ. ಕೆಲವು ಹೇಳಿದ್ದನ್ನು ಸದ್ದಿಲ್ಲದೆ ಇಟ್ಟುಕೊಳ್ಳುತ್ತವೆ, ಕೆಲವು ತಮ್ಮ ಪುಟ ತೆರೆದು ‘ಉಳಿಸಲೇ?’ ಎಂದು ಕೇಳುತ್ತವೆ, ಒಂದು ಹೆಸರನ್ನು ತೋರಿಸುವುದೇ ಇಲ್ಲ. ಮದುವೆ ಮನೆಯಲ್ಲಿ ಧಾರೆಯ ಹೊತ್ತಿಗೆ ಮೇಷ್ಟ್ರ ಜೇಬಿನಲ್ಲಿ ಶುಗರ್ ಮಾತ್ರೆ ಕೂಗಿದ್ದೂ ಆಯಿತು. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ, ಪಕ್ಕದಲ್ಲಿ ಕೂತಿದ್ದವರೂ ತಮ್ಮ ಮಾತ್ರೆ ತೆಗೆದರಂತೆ.

ಬಗೆಹರಿಯದೆ ಉಳಿದಿರುವುದು ಅಳಿಸುವ ಕೆಲಸ. ಬೇರೆ ಆ್ಯಪ್ ಗಡಿಯಾರದಲ್ಲಿ ಅಲಾರಂ ಇಡಬಹುದು. ಇಟ್ಟದ್ದನ್ನು ಅಲ್ಲಿಂದ ಅಳಿಸುವ ವ್ಯವಸ್ಥೆ ಇಲ್ಲ. ಡಾಕ್ಟರು ಮಾತ್ರೆ ಬದಲಿಸಿದರೆ ಹಳೆಯದೂ ಹೊಸದೂ ಎರಡೂ ಹೊಡೆದುಕೊಳ್ಳುತ್ತವೆ, ಮತ್ತು ಇದು ಮೊದಲಿನ ತೊಂದರೆಗಿಂತ ಅಪಾಯದ್ದು. ಇದಕ್ಕೆ ಸದ್ಯಕ್ಕೆ ಸಿಸ್ಟರ್ ಕಂಡುಕೊಂಡ ಉಪಾಯ ಜಾರಿಯಲ್ಲಿದೆ: ಅಲಾರಂನ ಹೆಸರಿನ ಕೊನೆಗೆ ಬರೆದುಕೊಟ್ಟ ತಾರೀಖು ಸೇರುತ್ತದೆ. ಫೋನ್ ಕೈಗೆ ಬಂದಾಗ ಅವರು ಗಡಿಯಾರ ತೆರೆದು, ಈ ಸಲದ ಚೀಟಿಯ ತಾರೀಖಿಲ್ಲದ ಅಲಾರಂಗಳನ್ನೆಲ್ಲ ಮೊದಲು ಅಳಿಸಿ, ಆಮೇಲೆ ಆ್ಯಪ್ ತೆರೆಯುತ್ತಾರೆ. ಫೋನ್ ತರಲು ಮರೆತವರಿಗೆ ಮಾತ್ರೆ ಬದಲಿಸಬೇಡಿ, ಮನೆಗೆ ಹೋಗಿ ತರಲಿ ಎಂದು ಡಾಕ್ಟರಿಗೂ ಹೇಳಿಟ್ಟಿದ್ದಾರೆ.